ಮಡಿಲು ತುಂಬಿದ ನಗರ: ಬ್ರಸೆಲ್ಸ್

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರಕ್ಕೆ ಹೋದ ಪ್ರವಾಸಿಗರು ಮೊಟ್ಟಮೊದಲು ಕಾಣಬಯಸುವುದು ಒಂದು ಮಗುವನ್ನು. ಹಳೆಯ ಊರಿನ ಇಕ್ಕಟ್ಟಾದ ಬೀದಿಗಳೆರಡು ಕೂಡುವ ಮೂಲೆಯಲ್ಲಿ, ಸುಮಾರು ಎರಡಡಿ ಎತ್ತರದ ಕಂಚಿನ ಬಾಲಕನೊಬ್ಬ, ಲೋಕದ ಪರಿವೆಯೇ ಇಲ್ಲದೆ, ಕಾರಂಜಿಯ ತೊಟ್ಟಿಗೆ ಮೂತ್ರ ಮಾಡುತ್ತ ನಿಂತಿದ್ದಾನೆ. ‘ಮಾನೆಕೆನ್ ಪಿಸ್’ ಎಂಬುದು ಅವನ ಹೆಸರು. 1619ರಲ್ಲಿ ಜೆರೋಮ್ ದ್ಯುಕೆನ್ವಾ ಎಂಬ ಶಿಲ್ಪಿ ಮಾಡಿದ ವಿಗ್ರಹ ಅದು. ಮೂಲ ವಿಗ್ರಹವನ್ನು ಈಗ ನಗರದ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿರಿಸಿ, ಬೀದಿಯಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಈ ಪುಟ್ಟ ಪೋರನಿಗೆ ಸಾವಿರಕ್ಕೂ ಹೆಚ್ಚು ಜೊತೆ ಉಡುಪುಗಳುಂಟು. ಹಬ್ಬಹರಿದಿನಗಳಲ್ಲಿ ಅವನಿಗೆ ಉಡುಗೆ ತೊಡಿಸುವ ಸಂಭ್ರಮವೂ ಉಂಟು. ಜನಜಂಗುಳಿಯಲ್ಲಿ ಮಗನನ್ನು ಕಳೆದುಕೊಂಡ ಧನಿಕನೊಬ್ಬ ಊರೆಲ್ಲ ಅಲೆದು, ಕಡೆಗೆ ಇದೇ ಮೂಲೆಯಲ್ಲಿ ಅವನನ್ನು ಈ ಭಂಗಿಯಲ್ಲಿ ಕಂಡನೆಂದೂ, ಆ ಸಂತೋಷದ ನೆನಪಿಗೆ ವಿಗ್ರಹ ಮಾಡಿಸಿದನೆಂದೂ ಊರವರು ಹೇಳುವ ಕಥೆಗಳಲ್ಲಿ ಒಂದು.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ‘ಗ್ರಾಂಡ್ ಪ್ಲಾಸ್’ ಎಂಬ ಮಹಾ ಚೌಕ. 1695ರಲ್ಲಿ ಫ್ರೆಂಚರ ಫಿರಂಗಿಗಳಿಗೆ ತುತ್ತಾಗಿ ಸುಟ್ಟುಹೋದ ಚೌಕವನ್ನು ಊರಿನ ವರ್ತಕ ಸಂಘಗಳು ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದವು. ಇಂದು ಪ್ರವಾಸಿಗ ಬೆರಗಾಗಿ ನೋಡುವ ಚಿನ್ನದ ಲೇಪದ ಮನೆಗಳ ಸಾಲು ಬಹುಮಟ್ಟಿಗೆ ಆ ಪುನರ್ನಿರ್ಮಾಣದ ಫಲ. ಸುಟ್ಟದ್ದನ್ನು ಮತ್ತೆ ಕಟ್ಟುವ ಛಲ ಈ ಊರಿಗೆ ಹೊಸದಲ್ಲ. ಆದರೆ ಮಾರ್ಗದರ್ಶಿ ಪುಸ್ತಕಗಳು ಹೇಳದ ಇನ್ನೊಂದು ಪುನರ್ನಿರ್ಮಾಣವೂ ಈ ನಗರದಲ್ಲಿ ನಡೆದಿದೆ. ತಾರುಣ್ಯದಲ್ಲಿಯೇ ಕ್ಯಾನ್ಸರ್ ರೋಗಕ್ಕೆ ಸಿಕ್ಕಿ, ಬದುಕಿ ಉಳಿದು, ಆದರೆ ತಾಯಿಯಾಗುವ ಅಥವಾ ತಂದೆಯಾಗುವ ಆಸೆಯನ್ನು ಚಿಕಿತ್ಸೆಯ ಕೈಯಲ್ಲಿ ಕಳೆದುಕೊಂಡವರ ಮಡಿಲು ತುಂಬಿಸಿದ ಕಥೆ ಅದು. ಅದನ್ನು ಕಾಣಬೇಕಾದರೆ ಚೌಕವನ್ನು ಬಿಟ್ಟು ಊರಿನ ಅಂಚಿಗೆ ಹೋಗಬೇಕು.

ಭಾಷೆಯ ಜಗಳ, ಆಸ್ಪತ್ರೆಗಳ ಹುಟ್ಟು

ಬ್ರಸೆಲ್ಸ್ ಎರಡು ನಾಲಗೆಯ ಊರು. ಬೀದಿಯ ಹೆಸರು, ರೈಲು ನಿಲ್ದಾಣದ ಹೆಸರು, ಎಲ್ಲವೂ ಫ್ರೆಂಚ್ ಮತ್ತು ಡಚ್ ಭಾಷೆಗಳೆರಡರಲ್ಲಿಯೂ ಬರೆದಿರುತ್ತವೆ. ಈ ಎರಡು ಭಾಷೆಗಳ ಮನಸ್ತಾಪ ವಿಶ್ವವಿದ್ಯಾಲಯಗಳನ್ನೂ ಬಿಡಲಿಲ್ಲ. 1968ರಲ್ಲಿ, ಶತಮಾನಗಳ ಕೀರ್ತಿಯ ಲೂವೆನ್ ವಿಶ್ವವಿದ್ಯಾಲಯ ಭಾಷೆಯ ಕಾರಣದಿಂದಲೇ ಇಬ್ಭಾಗವಾಯಿತು. ದೇಶದ ಸರಕಾರವೇ ಆ ಗಲಭೆಯಲ್ಲಿ ಉರುಳಿತು. ಮರುವರ್ಷವೇ ಬ್ರಸೆಲ್ಸಿನ ಸ್ವತಂತ್ರ ವಿಶ್ವವಿದ್ಯಾಲಯವೂ ಫ್ರೆಂಚ್ ಒಂದು, ಡಚ್ ಒಂದು ಎಂದು ಕವಲೊಡೆಯಿತು. ಭಾಷಾವಾರು ಪ್ರಾಂತಗಳ ಹೋರಾಟವನ್ನು ಕಂಡ ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಒಡೆದ ಮನೆಗಳಿಗೆ ಬೇರೆ ಬೇರೆ ಒಲೆ ಬೇಕಲ್ಲವೆ? ಹಾಗೆ 1970ರ ದಶಕದ ಉತ್ತರಾರ್ಧದಲ್ಲಿ ಬ್ರಸೆಲ್ಸಿನ ಮೂರು ಅಂಚುಗಳಲ್ಲಿ ಮೂರು ವಿಶ್ವವಿದ್ಯಾಲಯಗಳ ದೊಡ್ಡ ಆಸ್ಪತ್ರೆಗಳು ತಲೆಯೆತ್ತಿದವು. ಪೂರ್ವದಲ್ಲಿ ಫ್ರೆಂಚ್ ಕ್ಯಾಥೊಲಿಕರ ಸೇಂಟ್ ಲೂಕ್ ಆಸ್ಪತ್ರೆ. ವಾಯವ್ಯದ ಯೆಟ್ಟೆ ಬಡಾವಣೆಯಲ್ಲಿ ಡಚ್ ಭಾಷೆಯವರ ಆಸ್ಪತ್ರೆ. ನೈರುತ್ಯದ ಆಂಡರ್ಲೆಕ್ಟ್ ಬಡಾವಣೆಯಲ್ಲಿ ಫ್ರೆಂಚ್ ಭಾಷೆಯ ಸ್ವತಂತ್ರ ವಿಶ್ವವಿದ್ಯಾಲಯದ ಎರಾಸ್ಮಸ್ ಆಸ್ಪತ್ರೆ. ಮೂರೂ ಒಂದರೊಡನೊಂದು ಪೈಪೋಟಿ ನಡೆಸುತ್ತ ಬೆಳೆದವು. ಆ ಪೈಪೋಟಿಯಿಂದ ಲೋಕಕ್ಕೆ ಲಾಭವಾಯಿತೆಂದರೆ ಉತ್ಪ್ರೇಕ್ಷೆಯಾಗದು.

ಆಲ್ಮಾ ನಿಲ್ದಾಣದ ಮೇಲೆ

ನಗರದ ನಡುವಿನಿಂದ ಮೆಟ್ರೊ ರೈಲಿನ ಒಂದನೆಯ ಮಾರ್ಗ ಹಿಡಿದು ಪೂರ್ವಕ್ಕೆ ಹೊರಟರೆ ಆಲ್ಮಾ ಎಂಬ ನಿಲ್ದಾಣ ಸಿಗುತ್ತದೆ. ಲೂಸಿಯೆನ್ ಕ್ರೋಲ್ ಎಂಬ ವಾಸ್ತುಶಿಲ್ಪಿಯ ಕೈಚಳಕ ಅದು. ಅದರ ಮೇಲೆ, ವಿದ್ಯಾರ್ಥಿಗಳ ಸಲಹೆಗಳನ್ನೇ ಕೂಡಿಸಿ ಅವನು ಕಟ್ಟಿದ ವಸತಿಗೃಹಗಳಿವೆ. ಒಂದು ಕಿಟಕಿಯಂತೆ ಇನ್ನೊಂದಿಲ್ಲ. ಹಲವು ಮಕ್ಕಳು ಸೇರಿ ಜೋಡಿಸಿದ ಆಟದ ಮನೆಯಂತೆ ಅವು ಕಾಣುತ್ತವೆ. ಅವುಗಳ ಆಚೆ ನೆಟ್ಟಗೆ, ಗಂಭೀರವಾಗಿ ನಿಂತಿರುವುದು ಸೇಂಟ್ ಲೂಕ್ ಆಸ್ಪತ್ರೆ.

1997ರಲ್ಲಿ ಇಪ್ಪತ್ತೈದು ವರ್ಷದ ತರುಣಿಯೊಬ್ಬಳ ಚಿಕಿತ್ಸೆಯ ಹೊಣೆ ಇಲ್ಲಿನ ವೈದ್ಯರ ಮೇಲೆ ಬಿತ್ತು. ಅವಳಿಗೆ ಬಂದಿದ್ದುದು ಹಾಜ್‌ಕಿನ್ ರೋಗ, ಎಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅದೂ ನಾಲ್ಕನೆಯ, ಕಡೆಯ ಹಂತದಲ್ಲಿ. ರೋಗವನ್ನು ಗುಣಪಡಿಸಬಲ್ಲ ಪ್ರಬಲ ಔಷಧಗಳಿದ್ದವು. ಆದರೆ ಆ ಔಷಧಗಳು ರೋಗದ ಜೀವಕೋಶಗಳೊಡನೆ ಅಂಡಾಶಯದಲ್ಲಿರುವ ಅಂಡಗಳನ್ನೂ ಕೊಲ್ಲುತ್ತವೆ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಜೀವಮಾನದ ಅಂಡಗಳ ಭಂಡಾರವನ್ನೆಲ್ಲ ಹೊತ್ತು ಬರುತ್ತದೆ. ಖರ್ಚಾದದ್ದು ಮತ್ತೆ ತುಂಬುವುದಿಲ್ಲ. ತರುಣಿ ಬದುಕಿದರೂ ಮುಂದೆ ತಾಯಿಯಾಗುವ ಸಂಭವ ಬಹಳ ಕಡಿಮೆಯಾಗಿತ್ತು.

ಝಾಕ್ ಡೊನೆ ಎಂಬ ಪ್ರಾಧ್ಯಾಪಕರ ನೇತೃತ್ವದ ತಂಡ ಆಗ ಒಂದು ಸಾಹಸಕ್ಕೆ ಕೈಹಾಕಿತು. ಚಿಕಿತ್ಸೆ ಆರಂಭವಾಗುವ ಮೊದಲೇ ಆಕೆಯ ಎಡ ಅಂಡಾಶಯದ ಹೊರಪದರದಿಂದ ಸಣ್ಣ ಸಣ್ಣ ತುಣುಕುಗಳನ್ನು ಕತ್ತರಿಸಿ ತೆಗೆದು, ಹೆಪ್ಪುಗಟ್ಟಿಸಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೈತ್ಯದ ದ್ರವ ಸಾರಜನಕದಲ್ಲಿ ಇರಿಸಲಾಯಿತು. ಈ ಹೊರಪದರದ ದಪ್ಪ ಒಂದೆರಡು ಮಿಲಿಮೀಟರು ಮಾತ್ರ. ಆದರೆ ಎಳೆಯ ಅಂಡಗಳು ನಿದ್ರಿಸುವುದು ಅಲ್ಲಿಯೇ. ಎಡಿನ್‌ಬರೊ ನಗರದ ವಿಜ್ಞಾನಿಗಳು ಇದೇ ಉಪಾಯವನ್ನು ಕುರಿಗಳ ಮೇಲೆ ಪ್ರಯೋಗಿಸಿ ಮರಿ ಹುಟ್ಟಿದುದನ್ನು 1994ರಲ್ಲಿ ಪ್ರಕಟಿಸಿದ್ದರು. ಕುರಿಗೆ ಫಲಿಸಿದ್ದು ಮನುಷ್ಯರಿಗೆ ಫಲಿಸೀತೇ? 1997ರಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಮರಳಿ ನೆಡುವ ವಿದ್ಯೆ ಸಿದ್ಧಿಸುವ ಮೊದಲೇ ಬೀಜವನ್ನು ಕಣಜಕ್ಕೆ ಹಾಕಿದ ಹಾಗಾಗಿತ್ತು ಅದು.

ಆಮೇಲೆ ಔಷಧ ಚಿಕಿತ್ಸೆ, ವಿಕಿರಣ ಚಿಕಿತ್ಸೆ ನಡೆದವು. ರೋಗ ಸೋತಿತು. ಆದರೆ ಹೆದರಿದ್ದಂತೆಯೇ ತರುಣಿಯ ಮುಟ್ಟು ನಿಂತುಹೋಯಿತು. ಮೂವತ್ತು ತುಂಬುವ ಮೊದಲೇ ದೇಹ ಐವತ್ತು ದಾಟಿದಂತಾಯಿತು. ಆರು ವರ್ಷ ಆ ತುಣುಕುಗಳು ಶೈತ್ಯದಲ್ಲಿ ಕಾದವು. 2003ರಲ್ಲಿ, ರೋಗ ಮರುಕಳಿಸಿಲ್ಲವೆಂದು ಖಚಿತವಾದ ಮೇಲೆ, ವೈದ್ಯರು ಅವನ್ನು ಹೊರತೆಗೆದು ಆಕೆಯ ಉದರದಲ್ಲಿ, ಬಲ ಅಂಡಾಶಯದ ಕೆಳಗೆ ನೆಟ್ಟರು. ಐದು ತಿಂಗಳಾದ ಮೇಲೆ ಆ ಜಾಗದಲ್ಲಿ ಅಂಡಕೋಶವೊಂದು ಊದಿಕೊಂಡದ್ದು ಕಂಡಿತು. ಹನ್ನೊಂದು ತಿಂಗಳಿಗೆ ಆಕೆ ಗರ್ಭಿಣಿ. ಪ್ರಯೋಗಾಲಯದ ನೆರವೇನೂ ಇಲ್ಲದೆ, ಎಲ್ಲ ತಾಯಂದಿರಂತೆ ಸಹಜವಾಗಿಯೇ ಗರ್ಭ ನಿಂತಿತ್ತು. 2004ರ ಸೆಪ್ಟೆಂಬರ್ 23ರಂದು ಸಂಜೆ 3.72 ಕಿಲೋಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ತಾಯಿಗೆ ಆಗ ಮೂವತ್ತೆರಡು ವರ್ಷ.

ಆಕೆಯ ಸ್ವಂತ ಅಂಡಾಶಯಗಳು ದೇಹದಲ್ಲಿಯೇ ಉಳಿದಿದ್ದುದರಿಂದ ಅಂಡ ಬಂದದ್ದು ನೆಟ್ಟ ತುಣುಕಿನಿಂದಲೋ ಹಳೆಯದರಿಂದಲೋ ಎಂದು ವಿಜ್ಞಾನಿಗಳು ವಾದಿಸಿದ್ದುಂಟು. ವಾದ ಮುಗಿಯುವಷ್ಟರಲ್ಲಿ ಬೇರೆ ದೇಶಗಳಲ್ಲಿಯೂ ಮಕ್ಕಳು ಹುಟ್ಟತೊಡಗಿದರು. 2017ರ ವೇಳೆಗೆ ಈ ರೀತಿಯಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ 130ನ್ನು ದಾಟಿತ್ತು. 2019ರಲ್ಲಿ ಅಮೆರಿಕದ ಸಂತಾನ ವೈದ್ಯರ ಸಂಘ, ಇದನ್ನಿನ್ನು ಕೇವಲ ಪ್ರಯೋಗವೆಂದು ಕರೆಯಬೇಕಾಗಿಲ್ಲವೆಂದು ಸಾರಿತು.

ಯೆಟ್ಟೆಯ ಸೂಜಿ

ಊರಿನ ವಾಯವ್ಯಕ್ಕೆ ಹೊರಟರೆ ದೂರದಿಂದಲೇ ಕಣ್ಣಿಗೆ ಬೀಳುವುದು ‘ಅಟೋಮಿಯಂ’. 1958ರ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದ, 102 ಮೀಟರ್ ಎತ್ತರದ, ಒಂಬತ್ತು ಹೊಳೆಯುವ ಗೋಳಗಳ ಈ ಕಟ್ಟಡ ಕಬ್ಬಿಣದ ಸ್ಫಟಿಕವೊಂದನ್ನು 16,500 ಕೋಟಿ ಪಟ್ಟು ಹಿಗ್ಗಿಸಿದ ರೂಪ. ಕಣ್ಣಿಗೆ ಕಾಣದ್ದನ್ನು ಬೃಹತ್ತಾಗಿ ತೋರಿಸಿದ ಆ ಸ್ಥಳಕ್ಕೆ ಬಹು ದೂರವಲ್ಲದ ಯೆಟ್ಟೆ ಬಡಾವಣೆಯ ಆಸ್ಪತ್ರೆಯಲ್ಲಿ, ಕಣ್ಣಿಗೆ ಕಾಣದ್ದನ್ನು ಕಾಣದಷ್ಟೇ ಸಣ್ಣ ಸೂಜಿಯಿಂದ ಹಿಡಿಯುವ ವಿದ್ಯೆ ಸಿದ್ಧಿಸಿತು.

ಕ್ಯಾನ್ಸರ್ ತಗುಲಿದ ತರುಣರಿಗೆ ಚಿಕಿತ್ಸೆಯ ಮೊದಲೇ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಉಪಾಯ ಹಳೆಯದು. ಹಾಗೆ ಶೈತ್ಯದಲ್ಲಿಟ್ಟ ವೀರ್ಯದಿಂದ ಮಕ್ಕಳಾಗಬಹುದೆಂಬುದು 1953ರಲ್ಲಿಯೇ ಅಮೆರಿಕದಲ್ಲಿ ಗೊತ್ತಾಗಿತ್ತು. ಆದರೆ ರೋಗಿಷ್ಠ ದೇಹದಿಂದ ದೊರೆಯುತ್ತಿದ್ದ ವೀರ್ಯಾಣುಗಳು ಎಷ್ಟೋ ವೇಳೆ ವಿರಳ, ದುರ್ಬಲ. ಅಂಡದ ಗೋಡೆಯನ್ನು ಭೇದಿಸಿ ಒಳಹೊಗುವ ಶಕ್ತಿ ಅವಕ್ಕಿರುತ್ತಿರಲಿಲ್ಲ. ಯೆಟ್ಟೆಯ ಪ್ರಯೋಗಾಲಯದಲ್ಲಿ ಇಟಲಿಯಿಂದ ಬಂದ ಜಿಯಾನ್‌ಪಿಯೆರೊ ಪಲೆರ್ಮೊ ಎಂಬ ತರುಣ ವೈದ್ಯ ವೀರ್ಯಾಣುಗಳನ್ನು ಅಂಡದ ಹೊರಪೊರೆಯ ಕೆಳಗೆ ಸೂಜಿಯಿಂದ ಬಿಡುವ ಪ್ರಯೋಗದಲ್ಲಿದ್ದಾಗ, ಒಂದು ಸಲ ಅದು ಅಕಸ್ಮಾತ್ತಾಗಿ ಅಂಡದ ಒಳಕ್ಕೇ ಜಾರಿತು. ಕೆಟ್ಟುಹೋಯಿತೆಂದುಕೊಂಡ ಅಂಡವೇ ಫಲಿಸಿತು! ಒಂದೇ ಒಂದು ವೀರ್ಯಾಣುವನ್ನು ಆರಿಸಿ ನೇರವಾಗಿ ಅಂಡದೊಳಕ್ಕೆ ಚುಚ್ಚುವ ಆ ವಿಧಾನದಿಂದ ಮೊದಲ ಮಗು 1992ರ ಜನವರಿಯಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿತು. ಅದೇ ವರ್ಷ ಪಲೆರ್ಮೊ ಮತ್ತು ಅವರ ಹಿರಿಯರಾದ ದೆವ್ರೋಯ್, ವಾನ್ ಸ್ಟೇರ್ಟೆಘೆಮ್ ಮೊದಲಾದವರು ಅದನ್ನು ಲೋಕಕ್ಕೆ ತಿಳಿಸಿದರು.

ಅಂದಿನವರೆಗೆ ನಿರುಪಯುಕ್ತವೆಂದು ತೋರುತ್ತಿದ್ದ ಎಷ್ಟೋ ಹೆಪ್ಪುಗಟ್ಟಿದ ನಾಳಗಳಿಗೆ ಅಂದಿನಿಂದ ಬೆಲೆ ಬಂದಿತು. ಹದಿನೈದರಿಂದ ಮೂವತ್ತೈದರ ಗಂಡಸರನ್ನು ಹೆಚ್ಚಾಗಿ ಕಾಡುವ ವೃಷಣದ ಕ್ಯಾನ್ಸರಿನಿಂದ ಪಾರಾದವರು ಇದರ ಬಲದಿಂದ ತಂದೆಯರಾದರು. ಇನ್ನೂ ವೀರ್ಯವೇ ಹುಟ್ಟದ ಎಳೆಯ ಹುಡುಗರ ಗತಿಯೇನು? ಅವರಿಗಾಗಿ ಈ ಆಸ್ಪತ್ರೆ 2002ರಿಂದಲೇ ವೃಷಣದ ಅಂಗಾಂಶವನ್ನು ಕೂಡಿಡುತ್ತ ಬಂದಿದೆ. ಬಾಲ್ಯದಲ್ಲಿ ಹಾಗೆ ಇಟ್ಟದ್ದನ್ನು ಬೆಳೆದ ತರುಣನೊಬ್ಬನಿಗೆ ಮರಳಿ ನೆಟ್ಟ ಸುದ್ದಿ 2025ರ ಆರಂಭದಲ್ಲಿ ಹೊರಬಂದಿತು.

ಎರಾಸ್ಮಸ್‌ನ ನೆರೆಯಲ್ಲಿ

ಮೆಟ್ರೊ ರೈಲಿನ ಐದನೆಯ ಮಾರ್ಗ ನೈರುತ್ಯದಲ್ಲಿ ಎರಾಸ್ಮಸ್ ಆಸ್ಪತ್ರೆಯ ಬಾಗಿಲಲ್ಲಿಯೇ ಕೊನೆಗೊಳ್ಳುತ್ತದೆ. ಯುರೋಪಿನ ಮಹಾ ವಿದ್ವಾಂಸ ಎರಾಸ್ಮಸ್ 1521ರಲ್ಲಿ ಕೆಲವು ತಿಂಗಳು ಆಂಡರ್ಲೆಕ್ಟಿನ ಮನೆಯೊಂದರಲ್ಲಿ ತಂಗಿದ್ದ. ಆ ಕೆಂಪು ಇಟ್ಟಿಗೆಯ ಮನೆ ಇಂದಿಗೂ ತೋಟದ ನಡುವೆ ಉಳಿದಿದೆ. ಆಸ್ಪತ್ರೆಗೆ ಅವನದೇ ಹೆಸರು.

ಕಾಂಗೊ ದೇಶದಲ್ಲಿ ಹುಟ್ಟಿದ ಹುಡುಗಿಯೊಬ್ಬಳ ಅಂಡಾಶಯದ ಅಂಗಾಂಶವನ್ನು, ಅವಳಿಗೆ ಹದಿನಾಲ್ಕು ತುಂಬುವ ಮೊದಲೇ, ಮೈನೆರೆಯುವುದಕ್ಕೂ ಮುಂಚೆ, ಇಲ್ಲಿ ಹೆಪ್ಪುಗಟ್ಟಿಸಿ ಇಟ್ಟರು. ಅವಳದು ಕ್ಯಾನ್ಸರ್ ಅಲ್ಲ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ರಕ್ತರೋಗ. ಆದರೆ ಸಹೋದರನ ಅಸ್ಥಿಮಜ್ಜೆಯನ್ನು ಅವಳಿಗೆ ಕಸಿಮಾಡುವ ಮೊದಲು ಕೊಡಬೇಕಾದ ಔಷಧ ಕ್ಯಾನ್ಸರಿನದೇ. ಸುಮಾರು ಹತ್ತು ವರ್ಷಗಳ ಮೇಲೆ ಆ ಅಂಗಾಂಶವನ್ನು ಮರಳಿ ನೆಟ್ಟರು. 2014ರ ನವೆಂಬರಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವಳು ಆರೋಗ್ಯವಂತನಾದ ಗಂಡುಮಗುವನ್ನು ಹೆತ್ತಳು. ಕ್ಯಾನ್ಸರಿಗೆ ತುತ್ತಾದ ಚಿಕ್ಕ ಹುಡುಗಿಯರ ತಂದೆತಾಯಿಗಳಿಗೆ ಇದು ದೊಡ್ಡ ಭರವಸೆಯಾಯಿತು.

ಆದರೂ ಈ ವಿದ್ಯೆ ಎಲ್ಲರಿಗೂ ಒದಗುವುದಿಲ್ಲ. ರಕ್ತದ ಕ್ಯಾನ್ಸರ್ ಇದ್ದವರಲ್ಲಿ, ತೆಗೆದಿಟ್ಟ ತುಣುಕಿನೊಳಗೇ ರೋಗದ ಕಣಗಳು ಅಡಗಿರಬಹುದು; ಮರಳಿ ನೆಟ್ಟರೆ ಮಗುವಿನ ಆಸೆಯೊಡನೆ ರೋಗವನ್ನೂ ನೆಟ್ಟಂತಾದೀತೆಂದು ವೈದ್ಯರು ಹಿಂಜರಿಯುತ್ತಾರೆ. ಸಮಯಾವಕಾಶವಿದ್ದ ಪ್ರಾಯದ ಹೆಣ್ಣುಮಕ್ಕಳಲ್ಲಿ ಬಿಡಿ ಅಂಡಗಳನ್ನೋ ಭ್ರೂಣಗಳನ್ನೋ ಕೂಡಿಡುವುದೇ ಹೆಚ್ಚು ಬಳಕೆಯ ದಾರಿ. ಅದಕ್ಕೆ ಸುಮಾರು ಎರಡು ವಾರ ಬೇಕಾಗುತ್ತದೆ.

ಎರಾಸ್ಮಸ್ ಆಸ್ಪತ್ರೆಯ ಮಗ್ಗುಲಲ್ಲಿಯೇ 2021ರಿಂದ ಝೂಲ್ ಬೋರ್ಡೆ ಸಂಸ್ಥೆಯ ಹೊಸ ಕಟ್ಟಡವಿದೆ. 1919ರ ನೊಬೆಲ್ ಪಾರಿತೋಷಕ ಪಡೆದ ಬ್ರಸೆಲ್ಸಿನ ವಿಜ್ಞಾನಿಯ ಹೆಸರು ಹೊತ್ತ, 1939ರಿಂದ ಕ್ಯಾನ್ಸರಿಗಾಗಿಯೇ ದುಡಿಯುತ್ತಿರುವ ಸಂಸ್ಥೆ ಅದು. ಮಗು ಆಗುವುದೋ ಇಲ್ಲವೋ ಎಂಬುದಕ್ಕಿಂತ ಕಠಿಣವಾದ ಪ್ರಶ್ನೆಯೊಂದನ್ನು ಇಲ್ಲಿನ ವೈದ್ಯರು ಕೈಗೆತ್ತಿಕೊಂಡರು. ಸ್ತನ ಕ್ಯಾನ್ಸರಿನಿಂದ ಗುಣವಾದ ತರುಣಿ ಗರ್ಭ ಧರಿಸಿದರೆ, ಗರ್ಭಕಾಲದಲ್ಲಿ ಏರುವ ಸ್ತ್ರೀ ಹಾರ್ಮೋನುಗಳು ಮಲಗಿದ ರೋಗವನ್ನು ಎಬ್ಬಿಸಲಾರವೆ? ಹೆತ್ತ ಮಗುವನ್ನು ತಬ್ಬಲಿ ಮಾಡಿ ಹೋಗುವ ಭಯ ಎಂಥ ತಾಯಿಯ ಆಸೆಯನ್ನೂ ಅಡಗಿಸಬಲ್ಲದು. ಬಹುಕಾಲ ವೈದ್ಯರೂ ‘ಬೇಡ’ ಎಂದೇ ಹೇಳುತ್ತಿದ್ದರು.

ಬೋರ್ಡೆ ಸಂಸ್ಥೆಯ ವೈದ್ಯರು ಇತರ ಕೇಂದ್ರಗಳವರೊಡನೆ ಕೂಡಿ, ಗರ್ಭ ಧರಿಸಿದ 333 ಮಂದಿಯನ್ನೂ, ಅವರಿಗೆ ಸರಿಹೊಂದುವ, ಗರ್ಭ ಧರಿಸದ 874 ಮಂದಿಯನ್ನೂ ಹೋಲಿಸಿ ನೋಡಿ 2013ರಲ್ಲಿ ಪ್ರಕಟಿಸಿದರು: ಗರ್ಭ ಧರಿಸಿದವರಲ್ಲಿ ರೋಗ ಹೆಚ್ಚಾಗಿ ಮರುಕಳಿಸಿರಲಿಲ್ಲ. ಅನಂತರ ಅನೇಕ ದೇಶಗಳ 516 ಮಂದಿ ಸ್ತ್ರೀಯರು, ರೋಗ ತಡೆಯಲು ವರ್ಷಗಟ್ಟಲೆ ಸೇವಿಸಬೇಕಾದ ಹಾರ್ಮೋನು ಮಾತ್ರೆಗಳನ್ನು ವೈದ್ಯರ ಕಣ್ಗಾವಲಿನಲ್ಲಿ ಎರಡು ವರ್ಷದ ಮಿತಿಯೊಳಗೆ ನಿಲ್ಲಿಸಿ ಮಗುವಿಗಾಗಿ ಪ್ರಯತ್ನಿಸಿದರು. ಅವರಲ್ಲಿ ಮೂರು ವರ್ಷದೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 8.9 ಮಂದಿಗೆ, ಹೋಲಿಕೆಯ ಗುಂಪಿನಲ್ಲಿ 9.2 ಮಂದಿಗೆ. 2023ರಲ್ಲಿ ಹೊರಬಂದ ಈ ಫಲಿತಾಂಶ ಮೊದಲ ಕೆಲವು ವರ್ಷಗಳದ್ದು ಮಾತ್ರ. ಈ ಬಗೆಯ ಕ್ಯಾನ್ಸರ್ ಬಹಳ ವರ್ಷಗಳ ಮೇಲೂ ತಲೆಯೆತ್ತಬಲ್ಲದಾದ್ದರಿಂದ ದೀರ್ಘಕಾಲದ ನಿಗಾ ಅಗತ್ಯ. ಆದರೂ ಸಾರಾಸಗಟಾಗಿ ‘ಬೇಡ’ ಎನ್ನುವ ಕಾಲ ಕಳೆಯಿತು.

ರಾಣಿಯ ಹೆಸರು

ಇಷ್ಟೆಲ್ಲ ವಿದ್ಯೆಯ ನಡುವೆಯೂ ಮಡಿಲು ತುಂಬದವರು ಬಹಳ ಮಂದಿ. ಅವರ ಮಾತು ಬಂದಾಗ ಬ್ರಸೆಲ್ಸಿನಲ್ಲಿ ನೆನಪಾಗಬೇಕಾದವಳು ರಾಣಿ ಫಾಬಿಯೋಲಾ. 1960ರ ಡಿಸೆಂಬರಿನಲ್ಲಿ ದೊರೆ ಬೋದ್ವೆನನ್ನು ಮದುವೆಯಾಗಿ ಸ್ಪೇನಿನಿಂದ ಬಂದ ಈ ರಾಣಿಯ ಮಕ್ಕಳಿಗಾಗಿ ಇಡೀ ದೇಶವೇ ಕಾದಿತ್ತು. ಮಕ್ಕಳಾಗಲಿಲ್ಲ. ತನಗೆ ಐದು ಗರ್ಭಗಳು ನಷ್ಟವಾದವೆಂಬುದನ್ನು 2008ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ, ಆಕೆ ಬಹಿರಂಗವಾಗಿ ಹೇಳಿಕೊಂಡಳು. 2014ರಲ್ಲಿ ತೀರಿಕೊಂಡಳು. ಆಕೆಯದು ಕ್ಯಾನ್ಸರಿನ ಕಥೆಯಲ್ಲ; ಆದರೆ ದುಃಖ ಅದೇ. ಬ್ರಸೆಲ್ಸಿನ ಮಕ್ಕಳ ದೊಡ್ಡ ಆಸ್ಪತ್ರೆಗೆ ಮಕ್ಕಳಿಲ್ಲದ ಆ ರಾಣಿಯ ಹೆಸರನ್ನೇ ಇಟ್ಟಿದ್ದಾರೆ. ಕ್ಯಾನ್ಸರ್ ತಗುಲಿದ ಎಳೆಯರೂ ಅಲ್ಲಿ ಚಿಕಿತ್ಸೆ ಪಡೆಯುತ್ತಾರೆ. ಇಂದು ಅದು ಎರಾಸ್ಮಸ್ ಮತ್ತು ಬೋರ್ಡೆ ಆಸ್ಪತ್ರೆಗಳೊಡನೆ ಒಂದೇ ಕೂಟದಲ್ಲಿ ಸೇರಿದೆ.

ಮಕ್ಕಳನ್ನು ದತ್ತು ಪಡೆಯುವ ದಾರಿಯೂ ತೆರೆದಿದೆ; ಆದರೆ ರೋಗದಿಂದ ಎದ್ದವರಿಗೆ ಅಲ್ಲಿಯೂ ಪರೀಕ್ಷೆ ತಪ್ಪಿದ್ದಲ್ಲ. ಭಾರತದ 2022ರ ದತ್ತು ನಿಯಮಗಳ ಪ್ರಕಾರ ತಂದೆತಾಯಿಯಾಗಬಯಸುವವರಿಗೆ ಪ್ರಾಣಾಪಾಯಕಾರಿಯಾದ ಕಾಯಿಲೆ ಇರಕೂಡದು. ಕ್ಯಾನ್ಸರ್ ಬಂದು ಹೋದವರು ತಾವು ಗುಣವಾಗಿರುವುದನ್ನು ವೈದ್ಯರ ಪತ್ರದಿಂದ ಮನಗಾಣಿಸಬೇಕಾಗುತ್ತದೆ.

ಹಣದ ಮಾತನ್ನೂ ಮರೆಯುವಂತಿಲ್ಲ. ಬೆಲ್ಜಿಯಂ ಸರಕಾರ 2003ರಿಂದ, ನಲವತ್ತಮೂರು ತುಂಬದ ಸ್ತ್ರೀಯರಿಗೆ, ಆರು ಸಲದವರೆಗಿನ ಪ್ರನಾಳ ಚಿಕಿತ್ಸೆಯ ಪ್ರಯೋಗಾಲಯದ ವೆಚ್ಚವನ್ನು ಸಾರ್ವಜನಿಕ ವಿಮೆಯಿಂದ ಭರಿಸುತ್ತ ಬಂದಿದೆ. ಭಾರತದಲ್ಲಿ ಇಂಥ ಚಿಕಿತ್ಸೆಯ ಭಾರ ಬಹುಪಾಲು ಮನೆಯವರ ಮೇಲೆಯೇ ಬೀಳುತ್ತದೆ. ವೀರ್ಯ ಅಥವಾ ಅಂಡಗಳನ್ನು ಕೂಡಿಡುವ ಅನುಕೂಲ ಬೆಂಗಳೂರಿನಂಥ ನಗರಗಳಲ್ಲಿ ಇಂದು ಇದ್ದರೂ, ಎಷ್ಟೋ ಮನೆಗಳಲ್ಲಿ ಆ ಮಾತೇ ಹೊರಡುವುದಿಲ್ಲ. ಮಗಳಿಗೋ ಮಗನಿಗೋ ಕ್ಯಾನ್ಸರ್ ಎಂದು ತಿಳಿದ ದಿನ ಹಿರಿಯರಿಗೆ ಜೀವ ಉಳಿದರೆ ಸಾಕೆನಿಸುವುದು ಸಹಜ. ವಧೂವರರನ್ನು ನೋಡುವ ಕಾಲಕ್ಕೆ ರೋಗದ ಸುದ್ದಿಯೇ ಹೊರಬೀಳದಿರಲೆಂದು ಮುಚ್ಚಿಡುವವರೂ ಉಂಟು. ಪಾರಾದವರ ಮಕ್ಕಳು ಸಾಮಾನ್ಯವಾಗಿ ಉಳಿದ ಮಕ್ಕಳಂತೆಯೇ ಆರೋಗ್ಯದಿಂದ ಹುಟ್ಟುತ್ತಾರೆ. ವಂಶದಲ್ಲಿ ಇಳಿದು ಬರುವ ಕೆಲವು ಬಗೆಯ ಕ್ಯಾನ್ಸರುಗಳ ವಿಷಯದಲ್ಲಿ ಮಾತ್ರ ತಜ್ಞರ ಸಲಹೆ ಬೇಕು. ಇದು ತಿಳಿದಿದ್ದರೆ ಎಷ್ಟೋ ಮುಚ್ಚುಮರೆಗೆ ಕಾರಣವೇ ಇರಲಾರದು.

ಬ್ರಸೆಲ್ಸಿನ ಆಸ್ಪತ್ರೆಗಳು ಕಲಿಸುವ ಪಾಠದಲ್ಲಿ ವಿಜ್ಞಾನಕ್ಕಿಂತ ವೇಳೆಯ ಮಾತೇ ಮುಖ್ಯ. 1997ರಲ್ಲಿ ಸೇಂಟ್ ಲೂಕ್ ಆಸ್ಪತ್ರೆಯ ಆ ತರುಣಿಯ ಅಂಗಾಂಶವನ್ನು ತೆಗೆದಿಟ್ಟದ್ದು ಔಷಧದ ಮೊದಲ ಹನಿ ರಕ್ತಕ್ಕೆ ಇಳಿಯುವ ಮುನ್ನ. ಒಂದು ತಿಂಗಳು ತಡವಾಗಿದ್ದರೆ ತೆಗೆದಿಡಲು ಏನು ಉಳಿದಿರುತ್ತಿತ್ತೆಂದು ಹೇಳುವುದು ಕಷ್ಟ. ಆದ್ದರಿಂದ, ಮನೆಯ ಎಳೆಯರಿಗೆ ಈ ರೋಗ ತಗುಲಿದಾಗ ಹಿರಿಯರು ಸಂಕೋಚವನ್ನು ಬದಿಗಿಟ್ಟು, ಚಿಕಿತ್ಸೆ ತೊಡಗುವ ಮೊದಲೇ ವೈದ್ಯರನ್ನು ಕೇಳಬೇಕು: “ಇದು ಗುಣವಾದ ಮೇಲೆ ಮಕ್ಕಳಾಗಲು ಈಗಲೇ ಏನಾದರೂ ಮಾಡಿಡಬಹುದೆ?” ಉತ್ತರ ‘ಇಲ್ಲ’ ಎಂದು ಬಂದರೂ ಬಂದೀತು. ಆದರೆ ಚಿಕಿತ್ಸೆ ಮುಗಿದ ಮೇಲೆ ಕೇಳಿದರೆ ಆ ಮಾತಿಗೆ ಅಷ್ಟು ಬೆಲೆಯಿರುವುದಿಲ್ಲ.